ಬೀಟಾ ಕಮ್ಮಿ ಉಂಟಂತೆ!

"ನೀವಾ...?"

ವಿಜೇತಾಳ ಕೈಯಲ್ಲಿದ್ದ ಅಪ್ಪನ ಮರಣ ಪ್ರಮಾಣಪತ್ರ ಜಾರಿ ಮೇಜಿನ ಮೇಲೆ ಬಿತ್ತು.

ಬಿ.ಸಿ. ರೋಡಿನ ಶೇರು ಬ್ರೋಕರ್ ಆಫೀಸು ಅದು. ಅಪ್ಪನ ಡಿಮ್ಯಾಟ್ ಖಾತೆಯಲ್ಲಿ ಉಳಿದ ಶೇರುಗಳನ್ನು ಅಮ್ಮನ ಹೆಸರಿಗೆ ಮಾಡಿಸಲು ಬಂದಿದ್ದಳು. ಭವಿತ್ ಮಂಗಳೂರು ಬ್ರಾಂಚಿಗೆ ಹೋಗಿದ್ದಾನೆ ಅಂತ ಖಾತ್ರಿ ಮಾಡಿಕೊಂಡೇ ಬಂದದ್ದು. ಬಂದು ನೋಡಿದರೆ ಅದೇ ಕುರ್ಚಿ, ಅದೇ ಭವಿತ್! ಅವಳ ಬೆರಳಿಗೆ ನಿಶ್ಚಿತಾರ್ಥದ ಉಂಗುರ ಹಾಕಿದವನು. ಆ ಉಂಗುರವನ್ನು ಅಪ್ಪನ ಉತ್ತರಕ್ರಿಯೆಯ ಮರುದಿನವೇ ಅವಳು ವಾಪಸು ಕಳಿಸಿದ್ದಳು.

"ಕೂತ್ಕೋ ವಿಜೇತಾ."

"ಕೂರ್ಲಿಕ್ಕೆ ಬಂದದ್ದಲ್ಲ. ಕೆಲಸ ಮುಗಿಸಿ ಕೊಡಿ."

'ಇವರ್ಯಾಕೆ ಇಷ್ಟು ಸೊರಗಿದ್ದಾರೆ? ಸೊರಗಲಿ! ನನಗೇನು?' ಅಂದುಕೊಂಡಳು. ಅಂದುಕೊಂಡದ್ದೇ ಬಂತು, ಕಣ್ಣು ಮಾತ್ರ ಅವನ ಸಡಿಲವಾದ ಕಾಲರಿನ ಮೇಲೆಯೇ ಇತ್ತು. ಸಿಟ್ಟು ಬೇರೆ, ಕಣ್ಣು ಬೇರೆ... ಕಣ್ಣು ಯಾರ ಮಾತು ಕೇಳುತ್ತದೆ ಹೇಳಿ!

ಅವಳ ಅಪ್ಪ ಶೇಖರಣ್ಣನ ಹೋಟೆಲ್ ಅಂದರೆ ಫರಂಗಿಪೇಟೆಯಲ್ಲಿ ಗೊತ್ತಿಲ್ಲದವರಿಲ್ಲ. ಹೆದ್ದಾರಿ ಅಗಲ ಮಾಡುವಾಗ ಹೋಟೆಲ್ ಹೋಯಿತು, ಪರಿಹಾರ ಬಂತು. ಬೆಳಗಾದರೆ ಗಿರಾಕಿಗಳ ಮುಖ ನೋಡುತ್ತಿದ್ದ ಮನುಷ್ಯ ಮೊಬೈಲಿನಲ್ಲಿ ಶೇರು ನೋಡುತ್ತಾ ಕೂತರು. ಯಾರೂ ಹೆಸರು ಕೇಳದ ಒಂದು ಸಣ್ಣ ಕಂಪನಿಗೆ ಅಷ್ಟೂ ಪರಿಹಾರ ಸುರಿದರು.

"ಬೀಟಾ ಕಮ್ಮಿ ಉಂಟಂತೆ ಸರಸ! ಮಾರ್ಕೆಟ್ ಬಿದ್ದರೂ ಇದು ಅಲುಗಾಡುವುದಿಲ್ಲ. ಆಲ್ಫಾ ಬೇರೆ ಜೋರುಂಟು!" ಅಂತ ಊಟಕ್ಕೆ ಕೂತಾಗ ಹೆಂಡತಿಗೆ ಹೇಳಿ ನಗುತ್ತಿದ್ದರು.

ಮಳೆಗಾಲ ಮುಗಿಯುವುದರೊಳಗೆ ಕಂಪನಿಯ ಬಂಡವಾಳ ಬಯಲಾಯಿತು. ದಿನಾ ಮಾರ್ಕೆಟ್ ತೆರೆದ ಕೂಡಲೇ ಲೋವರ್ ಸರ್ಕ್ಯೂಟ್, ರೇಟು ಒಂದು ದಿನಕ್ಕೆ ಇಳಿಯಬಹುದಾದಷ್ಟು ಇಳಿದು ನಿಲ್ಲುವುದು! ಎಲ್ಲರೂ ಮಾರುವವರೇ, ಕೊಳ್ಳುವವರು ಯಾರೂ ಇಲ್ಲ. ಅಪ್ಪ ಮಾರುವ ಬಟನ್ ಒತ್ತುತ್ತಲೇ ಇದ್ದರು. ಒಂದು ಬೆಳಿಗ್ಗೆ ಮೊಬೈಲ್ ಹಿಡಿದುಕೊಂಡೇ ಎದೆನೋವು ಅಂತ ಕೂತರು... ಮತ್ತೆ ಏಳಲಿಲ್ಲ.

ಹೋಟೆಲಿನ ಶೇಖರಣ್ಣನಿಗೆ ಆಲ್ಫಾ, ಬೀಟಾ ಕಲಿಸಿದವರು ಯಾರು? ಶೇರು ಆಫೀಸಿನ ಭಾವಿ ಅಳಿಯನಲ್ಲದೆ ಇನ್ಯಾರು! ಊರು ತೀರ್ಮಾನ ಮಾಡಿತು. ವಿಜೇತಾಳೂ ಮಾಡಿದಳು.

"ಆದಿತ್ಯವಾರ ರುಕ್ಮಯ್ಯ ಮಾವ ಬರ್ತಾರೆ," ಪ್ರಮಾಣಪತ್ರವನ್ನು ಭವಿತನ ಕಡೆ ಸರಿಸಿ ಅಂದಳು. ಅಮ್ಮನ ಅಣ್ಣ ಅವರು, ಮನೆಗೆ ಈಗ ಅವರೇ ಹಿರಿಯರು. "ನಮ್ಮ ಮನೆಯ ದೈವದ ಎದುರು ಆಣೆ ಮಾಡಿ. 'ಆ ಶೇರು ತೆಗೊಳ್ಳಿ ಅಂತ ನಾನು ಹೇಳ್ಲಿಲ್ಲ' ಅಂತ. ಅಷ್ಟೇ ಸಾಕು ಭವಿತ್... ನಾನು ನಂಬ್ತೇನೆ."

ಪಾಪ, ನಂಬಲಿಕ್ಕೆ ಒಂದು ದಾರಿ ಹುಡುಕುತ್ತಿದ್ದಳು ಹುಡುಗಿ.

"ನಾನು ಹೇಳ್ಲಿಲ್ಲ. ಆದರೆ ಆಣೆ ಮಾಡುವುದಿಲ್ಲ."

"ಯಾಕೆ? ಸುಳ್ಳು ಆಣೆಗೆ ಹೆದರಿಕೆಯಾ?"

ಭವಿತ್ ತಲೆ ತಗ್ಗಿಸಿದ. "ಆದಿತ್ಯವಾರ ಬರ್ತೇನೆ. ಬೈಯುವುದಿದ್ರೆ ಎಲ್ಲರೂ ಬೈಯಿರಿ. ಆಣೆ ಮಾತ್ರ ಕೇಳ್ಬೇಡ."

'ತಪ್ಪು ಮಾಡದವನಿಗೆ ಆಣೆಯ ಭಯ ಯಾಕೆ?' ಬಸ್ಸಿನ ಕಿಟಕಿಗೆ ತಲೆಯಾನಿಸಿ ದಾರಿಯುದ್ದಕ್ಕೂ ಅತ್ತಳು.

ಮನೆಯಲ್ಲಿ ಸರಸಮ್ಮ ಮಗಳ ಮಾತು ಕೇಳಿ ಮೆಲ್ಲಗೆ ಅಂದರು, "ಆಣೆ ಅಂದ್ರೆ ಆಟ ಅಲ್ಲ ಮಗಾ. ಒಮ್ಮೆ ಆಣೆ ಬಿದ್ರೆ, ಅದು ಸತ್ಯವೇ ಆಗಿರಲಿ, ಮತ್ತೆ ಆ ಎರಡು ಮನೆಯವರು ಒಬ್ಬರ ಮನೆಯಲ್ಲೊಬ್ಬರು ನೀರು ಕುಡಿಯುವ ಹಾಗಿಲ್ಲ. ಸಂಬಂಧ ಅಂತೂ ಇಲ್ಲವೇ ಇಲ್ಲ."

"ಸಂಬಂಧ ಯಾರಿಗೆ ಬೇಕು?" ಅಂತ ಸಿಡುಕಿದಳು. ಅಷ್ಟು ಜೋರಾಗಿ ಸಿಡುಕುವ ಅಗತ್ಯ ಇರಲಿಲ್ಲ.

ಮರುದಿನ ಮೂಡುಬಿದಿರೆಯ ಕಾಲೇಜಿನಲ್ಲಿ ಪಾಠ. ಹೌದು, ವಿಜೇತಾ ಕಾಮರ್ಸ್ ಲೆಕ್ಚರರ್. ಅಂದಿನ ಪಾಠ ನೋಡಿ, ಅದೇ ಬರಬೇಕಾ!

"ಮಾರ್ಕೆಟ್ ಅಲುಗಾಡಿದಾಗ ಒಂದು ಶೇರು ಅದರ ಜೊತೆ ಎಷ್ಟು ಅಲುಗಾಡ್ತದೆ, ಅದು ಬೀಟಾ. ಅಷ್ಟು ಅಪಾಯಕ್ಕೆ ಸಿಗಬೇಕಾದ ಲಾಭಕ್ಕಿಂತ ಮೇಲೆ ಎಷ್ಟು ಸಿಕ್ಕಿತು, ಅದು ಆಲ್ಫಾ."

ಮುಂದಿನ ಬೆಂಚಿನ ಸಾತ್ವಿಕಾ ಕೈಯೆತ್ತಿದಳು. "ಹಾಗಾದ್ರೆ ಮೇಡಂ, ಬೀಟಾ ಕಮ್ಮಿ, ಆಲ್ಫಾ ಜಾಸ್ತಿ ಇದ್ರೆ ಭಯ ಇಲ್ಲ ಅಲ್ವಾ?"

"ಹೌದು, ಭಯ..."

ಬಾಯಿ ಅಲ್ಲೇ ನಿಂತಿತು.

ಈ ಪ್ರಶ್ನೆ... ಇದೇ ಪ್ರಶ್ನೆ... ಯಾರೋ ಕೇಳಿದ್ದರು!

ಸ್ಟಾಫ್ ರೂಮು. ಒಂದು ಕೈಯಲ್ಲಿ ಚಹಾ, ಕಿವಿಗೆ ಫೋನು, ಬೆಲ್ ಹೊಡೆದಾಗಿತ್ತು. "ಮಗಾ, ಬೀಟಾ ಕಮ್ಮಿ, ಆಲ್ಫಾ ಜಾಸ್ತಿ ಇದ್ರೆ ಒಳ್ಳೇದಾ?" ಅಂತ ಅಪ್ಪ. "ಹೌದಪ್ಪಾ, ಭಯ ಇಲ್ಲ. ನನಗೆ ಕ್ಲಾಸುಂಟು, ಇಡ್ತೇನೆ." ಯಾವ ಶೇರು, ಯಾಕೆ ಕೇಳ್ತಿದ್ದೀರಿ, ಒಂದು ಮಾತು ಕೇಳಿರಲಿಲ್ಲ. ಪೇಪರಿನಲ್ಲಿ ಏನೋ ಓದಿರಬೇಕು ಅಂದುಕೊಂಡು ಅಂದೇ ಮರೆತಿದ್ದಳು.

ಅಯ್ಯೋ ದೇವರೇ...!

"ಮೇಡಂ? ಹುಷಾರಿಲ್ವಾ?"

ವಿಜೇತಾ ಮೇಜು ಹಿಡಿದುಕೊಂಡಳು. ಉತ್ತರ ಹೇಳಲೇಬೇಕಿತ್ತು. ಅಂದು ಅಪ್ಪನಿಗೆ ಹೇಳದ ಉತ್ತರ.

"ಅಲ್ಲ ಸಾತ್ವಿಕಾ. ನಿಲ್ಲಿಸಿಟ್ಟ ಬಸ್ಸು ಅಲುಗಾಡುವುದಿಲ್ಲ. ಅದಕ್ಕೆ ಬ್ರೇಕ್ ಸರಿ ಉಂಟು ಅಂತ ಹೇಳ್ಲಿಕ್ಕೆ ಆಗ್ತದಾ? ಕೊಳ್ಳುವವರು, ಮಾರುವವರು ಇಲ್ಲದ ಶೇರಿಗೂ ಬೀಟಾ ಕಮ್ಮಿಯೇ ಬರ್ತದೆ. ನಾಲ್ಕು ಜನ ಸೇರಿ ರೇಟು ಏರಿಸಿದ್ರೆ ಆಲ್ಫಾ ಕೂಡ ಚಂದ ಕಾಣ್ತದೆ. ಕಂಪನಿಯ ಒಳಗೆ ಹುಳ ಬಿದ್ದದ್ದನ್ನು ಬೀಟಾ ಹೇಳುವುದಿಲ್ಲ... ಯಾವತ್ತೂ ಹೇಳುವುದಿಲ್ಲ."

ಮಕ್ಕಳು ಬರೆದುಕೊಂಡರು. ಮೇಡಂ ಕಣ್ಣೀರು ಒರೆಸದೆ ನಿಂತಿದ್ದರು.

ಆದಿತ್ಯವಾರ ಬಂತು. ರುಕ್ಮಯ್ಯ ಮಾವ ದೈವದ ಮುಂದೆ ದೀಪ ಹಚ್ಚಿ ಕೂತಿದ್ದರು. ಭವಿತ್ ಹೇಳಿದ ಮಾತಿಗೆ ತಪ್ಪದೆ ಬಂದು ಅಂಗಳದಲ್ಲಿ ನಿಂತ.

"ಆಣೆ ಮಾಡ್ತೀಯಾ ಇಲ್ವಾ? ಒಂದೇ ಮಾತು!" ಮಾವ ಗುಡುಗಿದರು.

"ಇಲ್ಲ."

"ನೋಡಿದ್ಯಾ ಸರಸ? ಕಳ್ಳನ ಮನಸ್ಸು ಹುಳ್ಳಗೆ!"

"ಆಣೆ ಬೇಡ ಮಾವ!" ವಿಜೇತಾ ಮಧ್ಯೆ ಬಂದು ನಿಂತಳು. "ಅಪ್ಪನಿಗೆ ಭಯ ಇಲ್ಲ ಅಂತ ಹೇಳಿದ್ದು ನಾನು."

"ವಿಜೇತಾ, ಸುಮ್ಮನಿರು!" ಭವಿತ್ ಕಿರುಚಿದ.

ಅವಳು ತಿರುಗಿ ಅವನನ್ನೇ ನೋಡಿದಳು. "ನಿಮಗೆ... ಗೊತ್ತಿತ್ತಾ?"

ಭವಿತನಿಗೆ ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ.

"ಆ ಶೇರನ್ನು ಯಾರೂ ಮುಟ್ಟುವುದಿಲ್ಲ, ಬೇಡ ಅಂತ ಶೇಖರ ಮಾವನಿಗೆ ಕೈ ಮುಗಿದು ಹೇಳಿದ್ದೆ. 'ನನ್ನ ಮಗಳು ಅದನ್ನೇ ಪಾಠ ಮಾಡುವವಳು ಮಾರಾಯ, ಅವಳೇ ಹೇಳಿದ್ದಾಳೆ' ಅಂದ್ರು. ಎಷ್ಟು ಹೆಮ್ಮೆ ಇತ್ತು ಗೊತ್ತುಂಟಾ ಅವರಿಗೆ... ನಾನಲ್ಲ ಅಂತ ಆಣೆ ಮಾಡಿದ್ರೆ, ಮತ್ತೆ ಯಾರು ಅಂತ ಹುಡುಕ್ತಿದ್ರು. ಮೇಲಿಂದ ಈ ಮನೆಯ ಬಾಗಿಲು ನನಗೆ ಶಾಶ್ವತ ಮುಚ್ಚುತ್ತಿತ್ತು. ನನ್ನನ್ನೇ ಬೈಯಲಿ ಅಂತ ಬಿಟ್ಟೆ."

ಸರಸಮ್ಮ ಎದ್ದರು. ಯಾರ ಮುಖವನ್ನೂ ನೋಡದೆ ಒಳಗೆ ಹೋದರು.

'ಅಮ್ಮ ಇನ್ನು ನನ್ನ ಮುಖ ನೋಡುವುದಿಲ್ಲ...' ವಿಜೇತಾ ಜಗಲಿಯಲ್ಲಿ ಕುಸಿದಳು. ಹೆಮ್ಮೆಯಂತೆ! ಬೈದಿದ್ದರೂ ತಡೆದುಕೊಳ್ಳಬಹುದಿತ್ತು, ಅಪ್ಪನ ಆ ಹೆಮ್ಮೆಯನ್ನು ಅವಳು ಎಲ್ಲಿಟ್ಟುಕೊಳ್ಳಬೇಕು?

ಸ್ವಲ್ಪ ಹೊತ್ತಿಗೆ ಅಮ್ಮ ಹೊರಗೆ ಬಂದರು. ಕೈಯಲ್ಲಿ ತಂಬಿಗೆ ನೀರು, ತಟ್ಟೆಯಲ್ಲಿ ಬೆಲ್ಲದ ತುಂಡು. ಮನೆಗೆ ಬಂದವರಿಗೆ ಮೊದಲು ಕೊಡುವಂಥದ್ದು.

"ಕುಡಿ ಮಗಾ," ಅಂದರು ಭವಿತನಿಗೆ. "ಆಣೆ ಬೀಳ್ಲಿಲ್ಲ. ಈ ಮನೆಯ ನೀರು ನಿನಗೆ ಉಂಟು."

ಮತ್ತೆ ಮಗಳ ಪಕ್ಕ ಕೂತು ಅವಳ ತಲೆಯನ್ನು ಎದೆಗೆ ಒತ್ತಿಕೊಂಡರು. ಇಬ್ಬರೂ ಗಟ್ಟಿಯಾಗಿ ಅತ್ತರು. ರುಕ್ಮಯ್ಯ ಮಾವ ಹೆಗಲ ಬೈರಾಸಿನಿಂದ ಮುಖ ಒರೆಸಿಕೊಂಡು ಅಂಗಳಕ್ಕಿಳಿದರು.

ಭವಿತ್ ಹೊರಟಾಗ ವಿಜೇತಾ ಗೇಟಿನವರೆಗೆ ಬಂದಳು. ಕೈಯಲ್ಲಿ ಅದೇ ಬೆಲ್ಲದ ತಟ್ಟೆ.

"ನೀರು ಕುಡಿದ್ರಿ, ಬೆಲ್ಲ ಮುಟ್ಲಿಲ್ಲ."

"ಗಂಟಲಲ್ಲಿ ಇಳಿಯುತ್ತಿರಲಿಲ್ಲ."

"ಭವಿತ್... ಈ ನೋವು ನನ್ನನ್ನು ಬಿಡುವುದಿಲ್ಲ. ಪಾಠ ಮಾಡುವಾಗ ಅಳ್ತೇನೆ, ಉಣ್ಣುವಾಗ ಅಳ್ತೇನೆ. ಇಂಥವಳು ಬೇಕಾ ನಿಮಗೆ? ಲೆಕ್ಕ ಹಾಕಿ ನೋಡಿ, ಅಪಾಯ ಜಾಸ್ತಿ ಉಂಟು."

"ಲೆಕ್ಕ ಹಾಕಿಯೇ ಆಣೆ ಮಾಡದೆ ಕೂತದ್ದು ಮಾರಾಯ್ತಿ."

ಅವಳು ಬೆಲ್ಲವನ್ನು ಮುರಿದು ಅರ್ಧ ಅವನ ಕೈಗಿಟ್ಟಳು.

"ಉಂಗುರ... ಇನ್ನೂ ಉಂಟಾ?"

"ಉಂಟು. ಶೇಖರ ಮಾವನ ವರ್ಷಾಂತದ ಕ್ರಿಯೆ ಮುಗಿಯಲಿ. ತರ್ತೇನೆ."