ನಲವತ್ತೊಂದನೆಯ ಉಜ್ಜುಗೊರಡು

ಸೋಮವಾರ, 2025ರ ಜನವರಿ 20. ಬೆಳಿಗ್ಗೆ ಹತ್ತೂ ಕಾಲಿಗೆ ನಿವೃತ್ತ ಎಂಜಿನಿಯರ್ ಸೋಮಶೇಖರ್ ಒಂದು ದಪ್ಪ ರಿಜಿಸ್ಟರನ್ನು ಬಗಲಲ್ಲಿ ಇಟ್ಟುಕೊಂಡು ಹುಣಸೂರಿನ ಠಾಣೆಯ ಮೆಟ್ಟಿಲು ಹತ್ತಿದರು.

"ಕಳ್ಳತನ ಆಗಿದೆ ಮೇಡಂ."

"ಏನು ಹೋಗಿದೆ?" ಸಬ್ ಇನ್‌ಸ್ಪೆಕ್ಟರ್ ಯಶೋಧರಾ ಕೇಳಿದಳು.

"ಉಜ್ಜುಗೊರಡು."

ರೈಟರ್ ಸುನೀಲ್ಕುಮಾರನ ಪೆನ್ನು ನಿಂತಿತು. "ಆಚಾರಿಗಳು ಮರ ನಯ ಮಾಡ್ತಾರಲ್ಲ, ಅದಾ ಸಾರ್?"

"ಅದೇ. ನನ್ನ ಹತ್ರ ಅರವತ್ನಾಲ್ಕು ಇದ್ದವು. ಈಗ ಅರವತ್ಮೂರು."

ಪಂಪ್‌ಸೆಟ್ಟು, ಕುರಿ, ಬೈಕು, ಒಮ್ಮೆ ಮದುವೆ ಮನೆಯ ಇಡೀ ಅಡುಗೆ ಪಾತ್ರೆ ಕಳುವಾದದ್ದನ್ನೂ ಕಂಡಿದ್ದ ಠಾಣೆ ಅದು. ಅಲ್ಲಿದ್ದವರಿಗೆಲ್ಲ ನಗು ತಡೆಯುವುದು ಕಷ್ಟವಾಯಿತು. ಯಶೋಧರಾ ಮಾತ್ರ ನಗಲಿಲ್ಲ. ಅರವತ್ನಾಲ್ಕು ಇರುವ ಕಡೆ ಒಂದನ್ನೇ ಆರಿಸಿಕೊಂಡು ಹೋಗುವ ಕಳ್ಳ ಅವಳಿಗೆ ಈ ಹನ್ನೊಂದು ವರ್ಷದ ನೌಕರಿಯಲ್ಲಿ ಸಿಕ್ಕಿರಲಿಲ್ಲ. ಹತ್ತು ಐವತ್ತಕ್ಕೆ ಎಫ್‌ಐಆರ್ ದಾಖಲಾಯಿತು.

ಸೋಮಶೇಖರ್ ನೀರಾವರಿ ಇಲಾಖೆಯಲ್ಲಿ ಬಹುಕಾಲ ಬೀಚನಹಳ್ಳಿ ಕಡೆ ಇದ್ದವರು. ಹಳ್ಳಿಗಳಲ್ಲಿ ಯಾರ ಅಟ್ಟದ ಮೇಲೆ ಹಳೇ ಉಜ್ಜುಗೊರಡು ಕಂಡರೂ ಕೇಳಿ ತರುತ್ತಿದ್ದರಂತೆ. ಪಿರಿಯಾಪಟ್ಟಣದಿಂದ, ಕೆ.ಆರ್. ನಗರದಿಂದ, ಕೋಟೆ ತಾಲ್ಲೂಕಿನ ಕಾಡಂಚಿನವರೆಗೆ ತಿರುಗಿ ಸೇರಿಸಿದ್ದು. ಮನೆಯ ಹಿಂದಿನ ಶೆಡ್ಡಿನಲ್ಲಿ ತಾವೂ ಒಂದಿಷ್ಟು ಮರಗೆಲಸ ಮಾಡಿಕೊಳ್ಳುತ್ತಾರೆ. ನಿನ್ನೆ ಭಾನುವಾರ ಮನೆಮಂದಿಯೆಲ್ಲ ಕೆ.ಆರ್. ನಗರದ ಮದುವೆಗೆ ಹೋಗಿದ್ದಾಗ, ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರ ನಡುವೆ, ನಲವತ್ತೊಂದನೆಯ ನಂಬರಿನದು ಮಾಯವಾಗಿದೆ.

ಮಧ್ಯಾಹ್ನ ಹನ್ನೆರಡಕ್ಕೆ ಸ್ಥಳ ಪಂಚನಾಮೆ. ಪಂಚರಲ್ಲಿ ಒಬ್ಬನಾಗಿ ಹೆಡ್ ಕಾನ್‌ಸ್ಟೇಬಲ್ ಸಣ್ಣಬೀರಯ್ಯ ಅದೇ ಬೀದಿಯ ಫರ್ನಿಚರ್ ಅಂಗಡಿಯ ಉಮಾಶಂಕರನನ್ನು ಕರೆತಂದ. ಬಡಗಿ ಸಾಮಾನಿನ ವಿಷಯ, ಗೊತ್ತಿರುವವನೊಬ್ಬ ಇರಲಿ ಎಂಬ ಲೆಕ್ಕ ಅವನದು.

ಶೆಡ್ಡು ಚಿಕ್ಕದು, ಆದರೆ ಒಳಗೆ ಹೋದರೆ ದೇವರ ಮನೆಗೆ ಕಾಲಿಟ್ಟ ಹಾಗಿತ್ತು. ಗೋಡೆ ತುಂಬ ಗೂಡುಗಳು. ಒಂದೊಂದು ಗೂಡಿನಲ್ಲೂ ಎಣ್ಣೆ ಸವರಿದ ಒಂದೊಂದು ಉಜ್ಜುಗೊರಡು, ಅಡಿ ಊರಿ ನೇರವಾಗಿ ಕುಳಿತಿತ್ತು. ಕೆಳಗೆ ಹೆಸರಿನ ಚೀಟಿ. ಯಾವ ಊರಿನ ಯಾವ ಬಡಗಿಯದು ಎಂದು ಅಚ್ಚುಕಟ್ಟಾದ ಅಕ್ಷರದಲ್ಲಿ ಬರೆದಿತ್ತು. ಅಲಗಿಗೆ ತುಕ್ಕು ಹಿಡಿಯದಿರಲೆಂದು ಮೂಲೆಮೂಲೆಗೂ ಕರ್ಪೂರ. ಈ ಮನುಷ್ಯ ಪ್ರೀತಿಯಿಂದಲೇ ಇಟ್ಟಿದ್ದಾನೆ ಎಂದು ಯಶೋಧರಾಗೆ ಅನ್ನಿಸಿತು. ಅದು ನಿಜವೂ ಹೌದು.

ಬಾಗಿಲ ಬೀಗ ಹಾಗೇ ಇತ್ತು. ಹೆಂಚು ಕದಲಿರಲಿಲ್ಲ. ಎರಡು ಕಿಟಕಿಗೂ ಜಾಲರಿ ಹೊಡೆದ ಮರದ ಚೌಕಟ್ಟು, ಹೊರಗಿನಿಂದ ಸ್ಕ್ರೂ ಹಾಕಿದ್ದು. ಎರಡೂ ಭದ್ರ.

"ಗಾಳಿ ತಕ್ಕೊಂಡೋಯ್ತಾ ಹಂಗಾದ್ರೆ?" ಸಣ್ಣಬೀರಯ್ಯ ತಲೆ ಕೆರೆದುಕೊಂಡ.

ಉಮಾಶಂಕರ ಹೊರಗೆ ಹೋಗಿ ಕಿಟಕಿಯ ಹತ್ತಿರ ಬಗ್ಗಿದ್ದ. "ಮೇಡಂ, ಈ ಕಿಟಕಿ ನೋಡಿ. ಎಂಟು ಸ್ಕ್ರೂ, ಎಂಟರ ತಲೆ ಮೇಲಿನ ಗೀಟೂ ನೆಟ್ಟಗೆ ನಿಂತವೆ. ಆ ಕಿಟಕೀಲಿ ಒಂದು ಅಡ್ಡ, ಒಂದು ಓರೆ."

"ಎರಡನ್ನೂ ನಾನೇ ಹಾಕಿದ್ದು," ಸೋಮಶೇಖರ್ ಹೇಳಿದರು. "ಹೆಂಗೆಂಗೋ ತಿರುಗಿಸಿದ್ದೆ."

"ಹಂಗಾದ್ರೆ ಇದನ್ನ ಬಿಚ್ಚಿ ಮತ್ತೆ ಹಾಕವ್ರೆ. ಕಸುಬುದಾರ್ರು ಮಾತ್ರ ಹಿಂಗೆ ಹಾಕೋದು."

ಯಶೋಧರಾ ಮತ್ತೆ ಒಳಗೆ ಬಂದು ಬೆಂಚಿನ ಕಡೆ ತಿರುಗಿದಳು. ಖಾಲಿ ಗೂಡಿನ ಅಕ್ಕಪಕ್ಕದ ಮೂರು ಉಜ್ಜುಗೊರಡುಗಳು ಗೂಡುಗಳ ಕೆಳಗಿನ ಆ ಬೆಂಚಿನ ಮೇಲಿದ್ದವು. ಮೂರೂ ಮಗ್ಗುಲಾಗಿ ಮಲಗಿದ್ದವು.

"ಇವನ್ನ ನೀವು ಹೀಗಿಟ್ರಾ?"

"ಇಲ್ಲ. ಬಂದಾಗಲೇ ಹೀಗಿದ್ದವು. ಬಿದ್ದಿರಬೇಕು ಅಂದ್ಕೊಂಡೆ."

"ಬಿದ್ದಿಲ್ಲ, ಮಲಗಿಸವ್ರೆ," ಉಮಾಶಂಕರ ಎಂದ. "ನಾವ್ಯಾರೂ ಉಜ್ಜುಗೊರಡನ್ನ ಅಡಿ ಊರಿ ಇಡಕಿಲ್ಲ ಮೇಡಂ, ಅಲಗು ಕೆಡ್ತದೆ. ಕಲಿಯೋವಾಗ ಮೊದಲನೇ ಏಟು ತಿನ್ನೋದೇ ಅದಕ್ಕೆ. ಇವ್ರು ಗೂಡಲ್ಲಿ ನೇರ ಕೂರಿಸವ್ರೆ, ಸಾಹೇಬ್ರು ಬೇಜಾರು ಮಾಡ್ಕೋಬಾರ್ದು, ನೋಡಿದ್ರೆ ಕೈ ತಡೀಯಕಿಲ್ಲ."

ಸೋಮಶೇಖರ್ ಮುಖ ಕೆಂಪಾಯಿತು. ಕದಿಯಲು ಬಂದವರು ಸಾಮಾನನ್ನು ಮಾಲೀಕನಿಗಿಂತ ಚೆನ್ನಾಗಿ ನೋಡಿಕೊಂಡಿದ್ದಾರೆ ಎಂದು ಪಂಚನಾಮೆಯಲ್ಲಿ ಬರೆಯುವಂತಿಲ್ಲ. ಯಶೋಧರಾ 'ಮೂರು ಉಜ್ಜುಗೊರಡುಗಳು ಮಗ್ಗುಲಾಗಿ ಇರಿಸಲ್ಪಟ್ಟಿದ್ದವು' ಎಂದಷ್ಟೇ ಬರೆಸಿದಳು.

ಆಮೇಲೆ ರಿಜಿಸ್ಟರ್ ತೆರೆದಳು. ನಂಬರ್ 41: ಬೀಟೆ ಮರ. ಬಡಗಿ ದಿವಂಗತ ಮಾದೇಶ, ಎನ್. ಬೇಗೂರು. ಕೊಟ್ಟವರು ಅವನ ತಮ್ಮ ಶಿವಣ್ಣ. ಪಕ್ಕದಲ್ಲಿ ಅಂಟಿಸಿದ್ದ ಫೋಟೋವನ್ನು ಉಮಾಶಂಕರ ಬೆಳಕಿಗೆ ಹಿಡಿದು ನೋಡಿದ.

"ಹಿಡಿ ಸವೆದಿರೋದು ನೋಡಿ. ಹೆಬ್ಬೆರಳಿನ ಗುಂಡಿ ಬಲಗಡೆಗೈತೆ. ಎಡಗೈಯೋರದ್ದು ಇದು. ಕೈಯೂ ಸಣ್ಣದು."

ಮಾರನೆಯ ದಿನ, ಮಂಗಳವಾರ, ಬೆಳಿಗ್ಗೆ ಏಳೂವರೆಗೆ ಜೀಪು ಹೊರಟಿತು. ಕೋಟೆ ಪಟ್ಟಣ ದಾಟಿ, ಕಾಡಿನ ಪಕ್ಕದ ರಸ್ತೆ ಹಿಡಿದು ಎನ್. ಬೇಗೂರು ಸೇರುವಾಗ ಒಂಬತ್ತೂ ಇಪ್ಪತ್ತು. ಶಿವಣ್ಣ ಮನೆ ಮುಂದೆ ರಾಗಿ ಒಣಗಿಸುತ್ತಿದ್ದ. ಪೊಲೀಸರನ್ನು ಕಂಡು ಎದ್ದು ನಿಂತ.

"ಸಾಹೇಬ್ರಿಗೆ ಉಜ್ಜುಗೊರಡು ಕೊಟ್ಟೋನು ನೀನಾ?"

"ನಾನೇ ಮೇಡಂ. ನಮ್ಮಪ್ಪ ದಾಸಯ್ಯ ಮಾಡಿದ್ದು. ಅಣ್ಣ ಹೋದ್ಮೇಲೆ ಯಾಕೆ ಮನೇಲಿ ಅಂತ ಕೊಟ್ಟೆ. ಅಣ್ಣನ ಹೆಸರಾದ್ರೂ ಉಳೀತದಲ್ಲ."

"ನಿಮ್ಮಣ್ಣ ಎಡಗೈಯಾ?"

"ಇಲ್ಲ, ಬಲಗೈ. ಒಂದೊಂದು ಕೈ ಮೊರದಂಗಿತ್ತು."

"ಹಾಗಾದ್ರೆ ಆ ಹಿಡಿ ಸವೆಸಿದ್ದು ಯಾರು?"

ಶಿವಣ್ಣ ರಾಗಿ ಕಡೆ ನೋಡಿದ. ಸಣ್ಣಬೀರಯ್ಯ ಒಂದು ಹೆಜ್ಜೆ ಮುಂದೆ ಬಂದು, "ಹೇಳ್ಲಾ, ಬಿಸಿಲಾಗ್ತಾ ಅದೆ," ಎಂದ.

"ಅತ್ತಿಗೆ. ಚಾಮುಂಡಮ್ಮ." ಅವನ ದನಿ ಇಳಿಯಿತು. "ಅಣ್ಣ ಮಾಡು ಮೇಲಿಂದ ಬಿದ್ದು ಸೊಂಟ ಮುರ್ಕೊಂಡ. ಆಮೇಲೆ ಹದ್ನಾಲ್ಕು ವರ್ಷ ಅವ್ನು ಜಗಲಿ ಮೇಲೆ ಕುಂತು ಕೆಲ್ಸ ಒಪ್ಕಳೋನು, ಒಳಗೆ ಅವ್ಳು ಮಾಡೋಳು. ಹೆಂಗಸು ಮಾಡಿದ ಬಾಗ್ಲು ಅಂದ್ರೆ ಯಾರಿಕ್ಕಂತಾರೆ ಮನೆಗೆ? ಎಲ್ರೂ ಮಾದೇಶನ ಕೆಲ್ಸ ಅಂತಾನೇ ಅಂತಿದ್ರು. ನಾವೂ ಅಂಗೇ ಬುಟ್ಟೊ."

"ಕೊಡೋವಾಗ ಅವರನ್ನ ಕೇಳಿದ್ಯಾ?"

"ಅವ್ಳು ತವರಿಗೋಗಿದ್ಲು."

ಚಾಮುಂಡಮ್ಮನ ಮನೆ ಊರ ಕೊನೆಯಲ್ಲಿ. ಹತ್ತಿರ ಹೋಗುತ್ತಿದ್ದ ಹಾಗೆ ಸದ್ದು ಕೇಳಿಸಿತು. ಸರ್ರನೆ ಹೋಗಿ, ನಿಂತು, ಮತ್ತೆ ಸರ್ರನೆ ಹೋಗುವ ಸದ್ದು. ಹಿತ್ತಲ ಚಪ್ಪರದಲ್ಲಿ ಐವತ್ತು ದಾಟಿದ ಹೆಂಗಸೊಬ್ಬಳು ಸೆರಗು ಸೊಂಟಕ್ಕೆ ಸಿಕ್ಕಿಸಿ, ಎಡಗೈ ಹಿಂದೆ, ಬಲಗೈ ಮುಂದೆ ಇಟ್ಟು ಬಾಗಿಲ ಹಲಗೆ ಉಜ್ಜುತ್ತಿದ್ದಳು. ಜೀಪು ಕಂಡಳು. ಕೈ ನಿಲ್ಲಿಸಲಿಲ್ಲ. ಹಲಗೆಯ ಕೊನೆ ಮುಟ್ಟಿಸಿ, ಉಜ್ಜುಗೊರಡನ್ನು ಮಗ್ಗುಲಾಗಿ ಇಟ್ಟು, ಆಮೇಲೆ ತಲೆಯೆತ್ತಿದಳು.

"ಬನ್ನಿ. ನಿನ್ನೇನೇ ಬತ್ತೀರ ಅಂದ್ಕೊಂಡಿದ್ದೆ."

"ಇದು ನಲವತ್ತೊಂದನೇ ನಂಬರಿನದಾ?"

"ನಂಬರು ನಂಗೊತ್ತಿಲ್ಲ. ಇದು ನಂದು."

"ಸೋಮಶೇಖರ್ ಶೆಡ್ಡಿಗೆ ನುಗ್ಗಿದ್ದು ನೀವೇನಾ?"

"ನಾನೇ. ಭಾನುವಾರ, ಹನ್ನೊಂದು ಗಂಟೆ ಇರಬೌದು. ಮೂರ್ನೇ ಸಲ ಕೇಳಾಣ ಅಂತ ಹೋದೆ. ಮನೆ ಬೀಗ ಹಾಕಿತ್ತು. ಕಿಟಕೀಲಿ ನೋಡುದ್ರೆ ಅಡಿ ಊರಿ ಕೂರ್ಸವ್ರೆ. ಕೈಚೀಲದಲ್ಲಿ ಸ್ಕ್ರೂಡ್ರೈವರ್ ಇತ್ತು."

"ಮೊದಲ ಎರಡು ಸಲ ಏನಾಯ್ತು?"

ಚಾಮುಂಡಮ್ಮ ಹಣೆಯ ಬೆವರು ಒರೆಸಿಕೊಂಡಳು. "ಮೊದಲ್ನೇ ಸಲ ಕಾಪಿ ಕೊಟ್ರು. ನಿಮ್ಮೆಜಮಾನ್ರ ಗ್ಯಾಪಕಾರ್ಥ ಜೋಪಾನ ಮಾಡಿವ್ನಿ ಅಂದ್ರು. ಎರಡ್ನೇ ಸಲ, ಸ್ವಾಮಿ, ಇದು ನಂದು, ನಾನು ಕೆಲಸ ಮಾಡಿದ್ದು, ಚೀಟೀಲಿ ನನ್ ಹೆಸ್ರಾದ್ರೂ ಬರೀರಿ ಅಂದೆ. ನಗಾಡುದ್ರು. ಗಂಡಂದು ಅಂದ್ರೆ ನಿಮ್ದೇ ಅಲ್ವೇನಮ್ಮ ಅಂದ್ರು. ಬೈದಿದ್ರೆ ಸುಮ್ಕಿರ್ತಿದ್ದೆ ಕಣವ್ವ. ನಗಾಡುದ್ರಲ್ಲ, ಅದು ತಡೀನಿಲ್ಲ."

ಯಶೋಧರಾ ಉಜ್ಜುಗೊರಡನ್ನು ಎತ್ತಿಕೊಂಡಳು. ಬಲಗೈಯಲ್ಲಿ ಹಿಡಿದಳು, ಎಡಗೈಗೆ ಬದಲಾಯಿಸಿದಳು. ಹೇಗೆ ಹಿಡಿದರೂ ಅವಳ ಬೆರಳಿಗೆ ಅದು ಕೂರಲಿಲ್ಲ. ಚಾಮುಂಡಮ್ಮ ಕೈಚಾಚಿದಳು. ಹೆಬ್ಬೆರಳು ಗುಂಡಿಯೊಳಗೆ ಇಳಿಯಿತು, ಉಳಿದ ನಾಲ್ಕು ಬೆರಳೂ ತಮ್ಮ ತಮ್ಮ ಜಾಗಕ್ಕೆ ಹೋದವು. ಹತ್ತೂ ಐದಕ್ಕೆ ಉಜ್ಜುಗೊರಡನ್ನು ವಶಕ್ಕೆ ಪಡೆಯುವ ಅಮಾನತು ಪಂಚನಾಮೆ ಶುರುವಾಯಿತು. ಹಿಡಿಯ ಸವೆತ ಆರೋಪಿಯ ಎಡಗೈಗೆ ಸರಿಹೊಂದುತ್ತದೆ ಎಂಬುದನ್ನು ಯಶೋಧರಾ ಬೇಕೆಂದೇ ಎರಡು ಸಾಲಿನಲ್ಲಿ ಬರೆಸಿದಳು.

"ಬಾಗ್ಲು ಬೀಚನಹಳ್ಳಿ ಲಕ್ಷ್ಮಿದೇವಮ್ಮಂದು," ಜೀಪು ಹತ್ತುವಾಗ ಚಾಮುಂಡಮ್ಮ ಹೇಳಿದಳು. "ಶುಕ್ರವಾರಕ್ಕೆ ಒಪ್ಕೊಂಡಿವ್ನಿ. ನಾನೇ ಒಪ್ಕೊಂಡಿದ್ದು, ಮೊದಲ್ನೇ ಸಲ."

ಠಾಣೆಗೆ ಸೋಮಶೇಖರ್ ಮಧ್ಯಾಹ್ನ ಎರಡಕ್ಕೆ ಬಂದರು. ವಿಷಯ ಕೇಳಿ ಚಾಮುಂಡಮ್ಮನ ಕಡೆ ತಿರುಗಿದರು. ಕೆಟ್ಟ ಮನುಷ್ಯನಲ್ಲ, ಆದರೆ ತನ್ನ ಒಳ್ಳೆಯತನ ತನಗೇ ಬಹಳ ಹಿಡಿಸಿದ ಮನುಷ್ಯ.

"ಅಮ್ಮ, ನನಗೆ ನಿಮ್ಮ ಮೇಲೆ ಕೋಪ ಇಲ್ಲ. ತಪ್ಪಾಯ್ತು ಅಂತ ಒಂದು ಸಾಲು ಬರೆದುಕೊಡಿ. ಉಜ್ಜುಗೊರಡು ಅದರ ಜಾಗಕ್ಕೆ ಬರಲಿ. ಕೋರ್ಟಿನಲ್ಲಿ ನನ್ನ ತಕರಾರಿಲ್ಲ ಅಂತ ನಾನೇ ಹೇಳ್ತೀನಿ."

"ನಿಮ್ಮನೇಗೆ ಹೇಳದೆ ಕೇಳದೆ ನುಗ್ಗಿದ್ದು ದಿಟ. ಅದನ್ನ ಬರ್ಕೊಡ್ತೀನಿ. ತಕ್ಕೊಂಡೋಗಿದ್ದು ತಪ್ಪಾಯ್ತು ಅಂತ ಬರೆಯಾಕಿಲ್ಲ."

"ಒಂದೇ ಸಾಲಮ್ಮ."

"ಒಂದಕ್ಷರಾನೂ ಇಲ್ಲ ಸ್ವಾಮಿ."

ಯಶೋಧರಾ ನಡುವೆ ಬಂದಳು. ಇಂಥ ಪ್ರಕರಣಕ್ಕೆ ನೋಟಿಸ್ ಕೊಟ್ಟು ಮನೆಗೆ ಕಳಿಸುವುದಕ್ಕೂ ಕಾನೂನಿನಲ್ಲಿ ದಾರಿಯಿದೆ. ಅವಳಿಗೆ ಅದೇ ಬೇಕಾಗಿತ್ತು. ಅರ್ಧ ಉಜ್ಜಿದ ಆ ಬಾಗಿಲು ಅವಳ ಕಣ್ಣ ಮುಂದಿನಿಂದ ಹೋಗಿರಲಿಲ್ಲ.

"ಚಾಮುಂಡಮ್ಮ, ನೋಟಿಸಿಗೆ ಸಹಿ ಮಾಡಿ ಹೊರಡಿ. ಇನ್ನೊಂದ್ಸಲ ಇಂಥದ್ದು ಮಾಡಲ್ಲ ಅಂತ ಒಪ್ಪಿಕೊಂಡ್ರೆ ಸಾಕು."

"ಅದನ್ನ ಮತ್ತೆ ಅವ್ರ ಗೂಡಿಗೇ ಇಡ್ತೀರಾ?"

"ಅದು ಕೋರ್ಟಿಗೆ ಬಿಟ್ಟಿದ್ದು. ಇಡಲೂಬಹುದು."

"ಇಟ್ರೆ ಮತ್ತೆ ಹೋಯ್ತೀನಿ. ಕಿಟಕಿ ಬಿಚ್ತೀನಿ, ತಕ್ಕೊಂಡು ಬತ್ತೀನಿ. ಸುಳ್ಳು ಯಾಕವ್ವ ಹೇಳ್ಲಿ?"

ಸಣ್ಣಬೀರಯ್ಯ ಗೋಡೆ ಕಡೆ ತಿರುಗಿ ಕೆಮ್ಮಿದ. ಮತ್ತೆ ಅದೇ ಅಪರಾಧ ಮಾಡುವುದಾಗಿ ಆರೋಪಿ ಠಾಣೆಯಲ್ಲೇ ಹೇಳಿದ ಮೇಲೆ ಬಂಧಿಸದೆ ಬಿಡಲು ಕಾರಣ ಉಳಿಯುವುದಿಲ್ಲ. ಯಶೋಧರಾಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಅವಳಿಗೂ ಸರಿಯಾಗಿ ಗೊತ್ತಾಗಲಿಲ್ಲ, ಚಾಮುಂಡಮ್ಮನ ಮೇಲಂತೂ ಅಲ್ಲ. ಒಂದು ಸಣ್ಣ ಸುಳ್ಳು ಹೇಳಿ ಬಸ್ಸು ಹತ್ತಬಹುದಾಗಿದ್ದ ಹೆಂಗಸು ಬೆನ್ನು ನೇರ ಮಾಡಿಕೊಂಡು ಬೆಂಚಿನ ಮೇಲೆ ಕುಳಿತೇ ಇದ್ದಳು.

ಮೂರೂ ಮುಕ್ಕಾಲಿಗೆ ಯಶೋಧರಾ ಕೇಸ್ ಡೈರಿ ಬರೆದಳು. 'ಸದರಿ ಉಜ್ಜುಗೊರಡಿನಿಂದ ಆರೋಪಿಯು ಹದಿನಾಲ್ಕು ವರ್ಷ ಕೆಲಸ ಮಾಡಿರುತ್ತಾಳೆ. ಆ ಕೆಲಸವು ಆಕೆಯದೆಂದು ಮನೆಯವರಾಗಲಿ, ಊರಿನವರಾಗಲಿ, ಫಿರ್ಯಾದಿಯಾಗಲಿ ಒಪ್ಪಿರುವುದಿಲ್ಲ. ಈ ಕಾರಣದಿಂದ ಕೃತ್ಯ ಎಸಗಿರುತ್ತಾಳೆ.' ಮೇಲಧಿಕಾರಿಗಳು ಓದಿ ಏನೆನ್ನುತ್ತಾರೋ ಎಂದು ಒಂದು ಕ್ಷಣ ಯೋಚಿಸಿದಳು. ಅಳಿಸಲಿಲ್ಲ.

ಸುನೀಲ್ಕುಮಾರ ಬಂಧನದ ಮೆಮೊ ತುಂಬಿಸಿ ತಂದು ಚಾಮುಂಡಮ್ಮನ ಮುಂದಿಟ್ಟ. ಅವಳು ಬೆರಳಿಟ್ಟು ಒಂದೊಂದೇ ಸಾಲು ಓದಿದಳು. ಹೆಸರು ಸರಿ. ವಯಸ್ಸು ಸರಿ. ಊರು ಸರಿ. ಬೆರಳು ನಿಂತಿತು.

"ಇದೇನಪ್ಪ ಬರ್ದಿರೋದು?"

"ಕಸುಬಮ್ಮ. ಗೃಹಿಣಿ ಅಂತ."

"ಯಾರ್ನ ಕೇಳಿ ಬರ್ದೆ?"

"ಹೆಂಗಸ್ರಿಗೆಲ್ಲ ಹಂಗೇ ಬರೆಯೋದು. ಅದ್ರಿಂದೇನು, ಸಹಿ ಹಾಕಿ."

"ಹಾಕಾಕಿಲ್ಲ." ಚಾಮುಂಡಮ್ಮ ಕಾಗದವನ್ನು ಹಿಂದಕ್ಕೆ ತಳ್ಳಿದಳು. "ಜೈಲಿಗೆ ಕಳಿಸ್ರಿ, ಹೋಯ್ತೀನಿ. ಇದ್ಕೆ ಹಾಕಾಕಿಲ್ಲ. ಬಡಗಿ ಅಂತ ಬರೀರಿ."

ಸುನೀಲ್ಕುಮಾರ ಯಶೋಧರಾಳ ಕಡೆ ನೋಡಿದ. ಬಾಗಿಲ ಬಳಿ ಕುರ್ಚಿಯಲ್ಲಿದ್ದ ಸೋಮಶೇಖರ್ ನೆಲ ನೋಡಿದರು. ಯಶೋಧರಾ ಎದ್ದು ಬಂದು ಆ ಪದದ ಮೇಲೆ ಗೀಟೆಳೆದಳು, ಮೇಲೆ ಹೊಸದನ್ನು ಬರೆದಳು, ತಿದ್ದುಪಡಿಯ ಪಕ್ಕದಲ್ಲಿ ನಿಯಮದಂತೆ ತನ್ನ ಚಿಕ್ಕ ಸಹಿ ಹಾಕಿ ಠಾಣೆಯ ಮೊಹರು ಒತ್ತಿದಳು.

"ಓದಿ ಹೇಳು," ಎಂದಳು.

ಸುನೀಲ್ಕುಮಾರ ಓದಿದ. "ಹೆಸರು, ಚಾಮುಂಡಮ್ಮ. ವಾಸ, ಎನ್. ಬೇಗೂರು. ಕಸುಬು, ಬಡಗಿ."

"ಇನ್ನೊಂದ್ಸಲ ಓದಪ್ಪ."

ಅವನು ಇನ್ನೊಂದು ಸಲ ಓದಿದ. ಚಾಮುಂಡಮ್ಮ ಪೆನ್ನು ತೆಗೆದುಕೊಂಡು ಸಹಿ ಮಾಡಿದಳು. ಆಗ ಸಂಜೆ ನಾಲ್ಕು ಗಂಟೆ ಇಪ್ಪತ್ತು ನಿಮಿಷ.