ಗಾಜಿಗೆ ಬಳಿದ ಸುಣ್ಣ

“ಅಯ್ಯೋ ಮಗಳೇ, ಗಾಜಿಗೂ ಸುಣ್ಣ ಬಳುದ್ಬುಟ್ಯಲ್ಲೇ,” ಎಂದು ಶಿವನಂಜಮ್ಮ ಕೈಲಿದ್ದ ಪೊರಕೆ ಕೆಳಗೆ ಬಿಟ್ಟಳು.

ಆಚೆ ಕಡೆಯಿಂದ ಬಳಿದು ಒಳಗೆ ಬಂದ ದೇವಿರಿ ಕುಂಚ ಹಿಡಿದು ನಿಂತಿದ್ದಳು. ಮೂಗಿನ ಮೇಲೂ ಸುಣ್ಣ. “ನಾಳೀಕೆ ಯುಗಾದಿ ಅಲ್ವೇನವ್ವ? ಕೊಟ್ಗೆಗೆ ಬಳುದು ಮಿಕ್ಕಿತ್ತು. ದನದ ಮನೆಗೆ ಬಳುದು, ಮನುಸ್ರ ಮನೆ ಅಂಗೇ ಬುಟ್ರೆ ಚೆಂದಾನಾ?”

ಮಂಡ್ಯದಾಚೆ ನಾಲೆಯ ಪಕ್ಕ ಇದ್ದ ಆ ಮನೆಗೆ ರಸ್ತೆಯ ಕಡೆ ಇದ್ದುದು ಬರೀ ಗಾಜಿನ ಗೋಡೆ. ವಿಲಾಯಿತಿಗೆ ಹೋಗಿ ಓದಿಬಂದ ಎಂಜಿನಿಯರ್ ಸಾಹೇಬರು ತಾವೇ ನಕ್ಷೆ ಬರೆದು, ಎರಡನೇ ಮಹಾಯುದ್ಧಕ್ಕೆ ಮುಂಚೆ ರೈಲಿನಲ್ಲಿ ಗಾಜು ತರಿಸಿ ಕಟ್ಟಿಸಿದ್ದರು. ಛಾವಣಿಯನ್ನು ಕಬ್ಬಿಣದ ಕಂಬಗಳು ಹೊರುತ್ತಿದ್ದವು. ಗೋಡೆ ಇದ್ದರೂ ಇಲ್ಲದಂತಿರಬೇಕು, ಬೆಳಕು ಒಳಗೇ ಬಂದು ಕೂರಬೇಕು ಎಂಬುದು ಅವರ ಆಸೆ.

ಬೆಳಕಿನ ಹಿಂದೆ ಊರೂ ಬಂತು. ಸ್ಕೂಲು ಬಿಟ್ಟ ಮಕ್ಕಳು ರಸ್ತೆಯಾಚೆ ನಾಲೆಯ ಏರಿಯ ಮೇಲೆ ಕೂತು, ಟೆಂಟ್ ಸಿನಿಮಾದಂತೆ ಮನೆಯೊಳಗನ್ನು ನೋಡುತ್ತಿದ್ದರು. “ಸಾಯೇಬ್ರು ಬೆನ್ನು ಕೆರ್ಕತಾವ್ರೆ ಕಣ್ಲಾ.” “ಅಮ್ಮೋರು ಮಾತ್ರ ಉಣ್ಣಾದೇ ಇಲ್ಲ, ಗಾಳಿ ಕುಡ್ಕೊಂಡೇ ಬದುಕವ್ರೆ,” ಎನ್ನುವವನು ಸಿದ್ದರಾಜು. ದೇವಿರಿ ಕೂರುತ್ತಿದ್ದುದು ಎಲ್ಲರಿಗಿಂತ ಮುಂದೆ.

“ಇದ್ದೊಂದು ಕೆಲ್ಸಾನೂ ಓಯ್ತು. ಅಬ್ಬುಕ್ಕೆ ಒಬ್ಬಟ್ಟಲ್ಲ, ತಣ್ಣೀರೇ ಗತಿ,” ಎನ್ನುತ್ತ ಶಿವನಂಜಮ್ಮ ಬಕೆಟ್ಟಿಗೆ ಕೈಹಾಕಿದಳು.

ಅಷ್ಟರಲ್ಲಿ ಸಾಹೇಬರ ಹೆಂಡತಿ ಅಮ್ಮಾವ್ರು ಉಗ್ರಾಣದಿಂದ ಈಚೆ ಬಂದರು. ಕೈಯಲ್ಲಿ ಅರ್ಧ ಉಂಡ ತಟ್ಟೆ. ದೇವಿರಿ ಬಾಯಿ ಬಿಟ್ಟು ನೋಡಿದಳು. ಅಷ್ಟುದ್ದದ ಮೇಜಿದ್ದರೂ ಇವರು ಉಣ್ಣುತ್ತಿದ್ದುದು ಅಕ್ಕಿಮೂಟೆಗಳ ನಡುವೆ. ಆ ಮನೆಯಲ್ಲಿ ನಾಲ್ಕೂ ಕಡೆ ಇಟ್ಟಿಗೆ ಗೋಡೆ ಇದ್ದ ಕೋಣೆ ಅದೊಂದೇ.

“ಆಚೆಯಿಂದ ಒಳಗೆ ಏನಾದರೂ ಕಾಣುತ್ತಾ?” ಅಮ್ಮಾವ್ರು ಕೇಳಿದರು.

“ಏನೇನೂ ಕಾಣಾಕಿಲ್ಲ,” ಎಂದು ದೇವಿರಿ ತಲೆ ತಗ್ಗಿಸಿದಳು.

“ಈಗ್ಲೇ ತೊಳುದ್ಬುಡ್ತೀನಿ ಅಮ್ಮೋರೆ,” ಎಂದಳು ಶಿವನಂಜಮ್ಮ.

“ಬೇಡ, ಬಿಡು. ಸಾಹೇಬರು ರಾತ್ರಿ ರೈಲಿಗೆ ಬರ್ತಾರೆ. ಹಬ್ಬಕ್ಕೆ ಬಳಿದ ಸುಣ್ಣ ತೊಳೆದರೆ ಮನೆಗೆ ಒಳ್ಳೇದಲ್ಲವಂತೆ ಅಂತ ನಾನೇ ಹೇಳ್ತೀನಿ.”

“ಅಂಗಂತ ಯಾರೇಳಿದ್ರು ಅಮ್ಮೋರೆ?”

“ನೀನೇ ಹೇಳಿದೆ.”

ಶಿವನಂಜಮ್ಮ ಸೆರಗು ಬಾಯಿಗಿಟ್ಟು ನಕ್ಕಳು. ಅಮ್ಮಾವ್ರು ಮೇಜಿನ ಮುಂದೆ ಕುರ್ಚಿಯ ಮೇಲೇ ಚಕ್ಕಳಮಕ್ಕಳ ಹಾಕಿ ಕೂತು, ನುಗ್ಗೆಕಾಯನ್ನು ಸೊರ್ರನೆ ಚೀಪಿದರು. ದೇವಿರಿಗೂ ಒಂದು ತಟ್ಟೆ ಬಡಿಸಿದರು.

ದೇವಿರಿ ಎರಡು ತುತ್ತು ಉಂಡಿದ್ದಳು. ಗಾಜಿನ ಕೆಳಗಿನ ಮೂಲೆಯೊಂದಕ್ಕೆ ಸುಣ್ಣ ಹತ್ತಿರಲಿಲ್ಲ. ಅಲ್ಲಿ ಒಂದು ಕಣ್ಣು ಕಾಣಿಸಿತು. ಸಿದ್ದರಾಜುವಿನ ದನಿಯೂ ಸಣ್ಣಗೆ ಕೇಳಿಸಿತು. “ದೇವಿರಿ ಉಣ್ತಾವ್ಳೆ ಬನ್ರಲಾ. ಮೂತಿ ತುಂಬ ಸಾರು.”

ಎತ್ತಿದ ಮೂರನೆಯ ತುತ್ತನ್ನು ಅವಳು ತಟ್ಟೆಗೇ ಇಳಿಸಿದಳು. ದೇವಿರಿ ಅಮ್ಮಾವ್ರ ಮುಖ ನೋಡಿದಳು. ಅವರಿಗೆ ಏನೂ ಗೊತ್ತಾಗಿರಲಿಲ್ಲ. ಎರಡನೇ ನುಗ್ಗೆಕಾಯಿಗೆ ಕೈಹಾಕಿದ್ದರು.

ಅವಳು ತಟ್ಟೆ ಎತ್ತಿಕೊಂಡು ಹೋಗಿ, ಆ ಮೂಲೆಗೆ ಬೆನ್ನು ಒತ್ತಿ ನೆಲದ ಮೇಲೆ ಕೂತಳು.

“ಅಲ್ಯಾಕೆ ಹೋದೆ ಮಗು?”

“ಇಲ್ಲೇ ತಣ್ಣಗದೆ ಅಮ್ಮೋರೆ,” ಎಂದಳು ದೇವಿರಿ. ಬಿಸಿಲಿಗೆ ಕಾದ ಗಾಜು ರೊಟ್ಟಿಯ ಹೆಂಚಿನಂತೆ ಬೆನ್ನು ಸುಡುತ್ತಿತ್ತು.