ಸ್ಟಾರ್ಟರಿಗೆ ಸಿಕ್ಕಿಸಿದ ಕಡ್ಡಿ

"ಅಜ್ಜಿ ಸಾಯ್ತಾವ್ಳೆ, ನಿಂಗೆ ಬಾಟ್ಲಿ ತುಂಬಿಸ್ಕೊಳ್ಳೋ ಆತ್ರ! ಓಗಾಚೆಗೆ!"

ಭೂಮಿಕ ಎಸೆದ ಖಾಲಿ ಬಾಟಲಿ ಮೌನೇಶನ ಎದೆಗೆ ಬಡಿದು ಜಗಲಿಯ ಕೆಳಗೆ ಉರುಳಿತು.

೧೯೯೪ರ ಬೇಸಿಗೆ. ಮಾಕವಳ್ಳಿ ಪಕ್ಕದ ಭೂಮಿಕಳ ಊರಿಗೆ ಕಾಲರಾ ನುಗ್ಗಿತ್ತು. ಪರೀಕ್ಷೆಗೆ ಮಲ ಸಂಗ್ರಹಿಸಲು ಮೈಸೂರಿನ ಲ್ಯಾಬಿನಿಂದ ಬಂದ ಮೌನೇಶ ಇದೇ ಊರಿನ ಅಕ್ಕಸಾಲಿಗರ ಹುಡುಗ. ಎರಡು ವರ್ಷದ ಹಿಂದೆ ನಿನ್ನನ್ನೇ ಮದುವೆಯಾಗುತ್ತೇನೆಂದು ಭೂಮಿಕಳಿಗೆ ಮಾತು ಕೊಟ್ಟು ಹೋದವನು ಒಂದು ಕಾಗದವನ್ನೂ ಬರೆದಿರಲಿಲ್ಲ. ಅದೆಂಥ ಪ್ರೀತಿಯೋ, ಅವಳ ಕರ್ಮ!

ಮೌನೇಶ ಅವಳನ್ನು ದಾಟಿ ಒಳಗೆ ನಡೆದ. ಮೂಗಮ್ಮಜ್ಜಿಯ ಕಣ್ಣುಗಳು ಗುಳಿಬಿದ್ದಿದ್ದವು, ತುಟಿ ಒಣಗಿ ಒಡೆದಿತ್ತು.

"ನೀರು ಕೊಟ್ಟಿದ್ದೀಯಾ?"

"ಇಲ್ಲ. ಕುಡುದ್ರೆ ಇನ್ನೂ ಓಯ್ತದೆ ಅಂತ..."

"ಒಂದ್ ತೊಟ್ಟೂ ಕೊಟ್ಟಿಲ್ವಾ? ತಲೆ ನೆಟ್ಟಗದೆಯಾ ನಿಂಗೆ?"

"ಗದರ್ಬೇಡ! ಹಿಂದೆ ಕಾಲರಾ ಬಂದಾಗ ನಮ್ಮವ್ವಂಗೂ ನೀರು ಕೊಡ್ನಿಲ್ಲ!"

"ಅದ್ಕೇ ಕಣೆ ನಿಮ್ಮವ್ವ ಉಳೀಲಿಲ್ಲ!"

ಭೂಮಿಕ ಅಜ್ಜಿಯ ಒಡೆದ ತುಟಿಯತ್ತ ನೋಡಿದಳು. ಹಾಗಾದರೆ... ಅಜ್ಜಿಯನ್ನು ಕೊಲ್ಲುತ್ತಿರುವವಳು ನಾನೇನಾ?

ಅವನು ಚೀಲದಿಂದ ಉಪ್ಪು ಸಕ್ಕರೆಯ ಓಆರ್‌ಎಸ್ ಪೊಟ್ಟಣ ತೆಗೆದು ಕಾದಾರಿದ ನೀರಿಗೆ ಸುರಿದ.

"ಕರೆಂಟು ಬಂದೇಟ್ಗೆ ಮೋಟ್ರು ಓಡ್ಲಿ ಅಂತ ನಿಮ್ಮಪ್ಪ ಸ್ಟಾರ್ಟರಿಗೆ ಕಡ್ಡಿ ಸಿಕ್ಕಿಸ್ತಾರಲ್ಲ, ಈ ರೋಗಾಣೂನೂ ಅಂಗೇಯ. ಕರುಳಿನ ಜೀವಕೋಶದೊಳ್ಗೆ ಸುದ್ದಿ ಮುಟ್ಸೋ ಒಂದು ಪ್ರೊಟೀನ್ ಅದೆ, ಅದೇ ಸ್ವಿಚ್ಚು. ರೋಗಾಣುವಿನ ವಿಷ ಅದ್ಕೊಂದು ರಾಸಾಯನಿಕದ ಚೂರು ಅಂಟಿಸ್ಬುಡ್ತದೆ. ಆಮೇಲೆ ಸ್ವಿಚ್ಚು ಆಫೇ ಆಗಲ್ಲ, ಮೈನೀರೆಲ್ಲ ಆಚೆಗೆ. ನೀನು ನೀರು ಕೊಡದಿದ್ರೆ ಮೋಟ್ರೇನೂ ನಿಲ್ಲಲ್ಲ, ಬಾವಿ ಬತ್ತೋಯ್ತದೆ ಅಷ್ಟೆ!"

"ಇದೂ ಓಗಲ್ವಾ?"

"ಉಪ್ಪು ಸಕ್ಕರೆ ಜೊತೆ ನೀರು ಒಳಗೋಗೋ ದಾರಿ ಬೇರೆ. ಅದನ್ನ ವಿಷ ಮುಟ್ಟಿಲ್ಲ. ಕುಡಿಸು!"

ಅವಳು ಅಳುತ್ತಲೇ ಚಮಚ ಚಮಚವಾಗಿ ಕುಡಿಸಿದಳು. ಅವನ ಮೇಲಿದ್ದ ಸಿಟ್ಟೆಲ್ಲ ಈಗ ತನ್ನ ಮೇಲೇ ತಿರುಗಿತ್ತು.

ಹೊತ್ತು ಇಳಿಯುವಾಗ ಅಜ್ಜಿ ಕಣ್ಣು ಬಿಟ್ಟಳು.

"ಏನ್ಲಾ ಆಚಾರಿ, ಈಗ ಬಂದ್ಯಾ? ನಿನ್ ದಾರಿ ಕಾಯ್ದು ಇವ್ಳು ಸೊರಗೋದ್ಲಲ್ಲೋ..."

ಭೂಮಿಕ ದಡಕ್ಕನೆ ಎದ್ದು ಹೊರಬಂದಳು. ಅವನೂ ಹಿಂದೆಯೇ ಬಂದ.

"ನಿಮ್ಮವ್ವ ತೀರ್ಕೊಂಡ ದಿನ ನೀನು ಅತ್ತಿದ್ದನ್ನ ಮರೀಲಿಲ್ಲ ಭೂಮಿ. ಅದ್ಕೇ ಈ ರೋಗದ ಬೆನ್ನು ಬಿದ್ದೆ."

"ಅಷ್ಟನ್ನ ಒಂದ್ ಕಾಗದದಲ್ಲಿ ಬರೆಯೋಕಾಗ್ಲಿಲ್ವಾ ನಿಂಗೆ?"

"ತಪ್ಪಾಯ್ತು. ಇನ್ನೂ ಕ್ವಾಪನಾ?"

"ಸಾಯೋಗಂಟ!"

"ಅಲ್ಲೀಗಂಟ ಜೊತೇಲಿದ್ದು ಬೈಸ್ಕೊಳ್ತೀನಿ. ನನ್ನ ಮದ್ವೆ ಆಯ್ತೀಯಾ?"

ಅವಳು ಒಳಗೆ ಹೋದಳು. ಒಂದು ಚೊಂಬು ನೀರು ತಂದು ಅವನ ಕೈಗೆ ತುರುಕಿದಳು.

"ಬೆಳಿಗ್ಗೆಯಿಂದ ನೀನೂ ಒಂದ್ ತೊಟ್ಟು ಕುಡಿದಿಲ್ಲ. ಮೊದ್ಲು ಕುಡಿ... ಆಮೇಲೆ ಅಪ್ಪನ್ನ ಕೇಳು."